ಘಾಟಿಗೆ ತಕ್ಕ ಸೈಕಲ್: ಮೊದಲು ಬ್ರೇಕ್, ಕೊನೆಗೆ ಚಕ್ರ

ಅಗ್ಗದ ರೋಡ್ ಸೈಕಲ್ ಕೊಂಡವರು ಬಿಡಿಭಾಗ ಬದಲಿಸಲು ಹೊರಟರೆ ಕಣ್ಣು ಮೊದಲು ಬೀಳುವುದು ಹಗುರ ಚಕ್ರಗಳ ಮೇಲೆ. ಕೊಡಗಿಗೆ ಆ ಕ್ರಮ ಹೊಂದುವುದಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಘಾಟಿಯಲ್ಲಿ ಸಂಪಾಜೆ ಕಡೆ ಇಳಿದಷ್ಟನ್ನೂ ವಾಪಸ್ ಹತ್ತಲೇಬೇಕು. ಹಾಗಾಗಿ ಮೊದಲ ದುಡ್ಡು ಬ್ರೇಕಿಗೆ, ಎರಡನೆಯದು ಗೇರಿಗೆ.

ಬ್ರೇಕ್ ಪೂರ್ತಿ ಬದಲಿಸಬೇಕಿಲ್ಲ. ರಬ್ಬರ್ ಮಾತ್ರ ಜಾರಿಸಿ ತೆಗೆಯಬಹುದಾದ ಕಾರ್ಟ್ರಿಡ್ಜ್ ಶೂ (ಚಕ್ರದ ರಿಮ್ಮನ್ನು ಒತ್ತಿ ಹಿಡಿಯುವ ತುಂಡು) ಹಾಕಿ, ಒಳಗಿನ ತಂತಿಯನ್ನು ಸ್ಟೇನ್‌ಲೆಸ್‌ಗೆ ಬದಲಿಸಿ, ಹೊರಕವಚವನ್ನೂ ಹೊಸದು ಮಾಡಿದರೆ ಸಾಕು; ಹಿಡಿತದ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಶೂವಿನ ಮುಚ್ಚಿದ ತುದಿ ಮುಂದಕ್ಕಿರಲಿ. ತಿರುಗುಮುರುಗಾದರೆ ಇಳಿಜಾರಿನಲ್ಲಿ ಒತ್ತಿದಾಗ ರಬ್ಬರ್ ಜಾರಿ ಹೊರಬೀಳುತ್ತದೆ. ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ, ಎರಡು ಸಲ ನೋಡಿ. ರಬ್ಬರಿನ ಹಿಂತುದಿಗೆ ಮಡಿಸಿದ ಕಾಗದ ಇಟ್ಟು ಬಿಗಿದರೆ ಮುಂತುದಿ ಮೊದಲು ರಿಮ್ ಮುಟ್ಟುತ್ತದೆ, ಕೀರಲು ಸದ್ದು ನಿಲ್ಲುತ್ತದೆ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ರಸ್ತೆಯ ಕೆಂಪು ಮಣ್ಣಿನ ಮರಳು ರಬ್ಬರಿನಲ್ಲಿ ಹೂತು ರಿಮ್ಮನ್ನು ಅರದಂತೆ ಉಜ್ಜುತ್ತದೆ. ವಾರಕ್ಕೊಮ್ಮೆ ಚಕ್ರ ಬಿಚ್ಚಿ, ಹೂತ ಕಲ್ಲು, ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ. ರಿಮ್ ಬದಿಯ ಸವೆತದ ಗೆರೆ ಮಾಯವಾಗಿದ್ದರೆ ಆ ರಿಮ್ಮನ್ನು ಘಾಟಿಗೆ ಒಯ್ಯಬೇಡಿ.

ಈಗ ಗೇರ್. ಮುಂದೆ 42, ಹಿಂದೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.15 ಮೀಟರ್ ಹೋಗುತ್ತದೆ. ಕಡಿದಾದ ತಿರುವಿನಲ್ಲಿ ಮೊಣಕಾಲು ಹಿಂಡುವುದು ಇದೇ ಲೆಕ್ಕ. ಹಿಂದೆ 34 ಹಲ್ಲು ಹಾಕಿದರೆ ಅದು ಸುಮಾರು 2.6 ಮೀಟರಿಗೆ ಇಳಿಯುತ್ತದೆ. ಏಳು ಗೇರಿನ 14-34 ಫ್ರೀವೀಲ್ (ಹಿಂಚಕ್ರಕ್ಕೆ ತಿರುಗಿಸಿ ಕೂರಿಸುವ, 14ರಿಂದ 34 ಹಲ್ಲಿನ ಹಲ್ಲುಚಕ್ರಗಳ ಗುಂಪು) ಅಗ್ಗ. ಆದರೆ ಶಿಮಾನೊ ಕಂಪನಿಯ ಟೂರ್ನಿ ರೋಡ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಅಷ್ಟು ದೊಡ್ಡ ಹಲ್ಲನ್ನು ಹೊರುವುದಿಲ್ಲ. ಶಿಮಾನೊದ ಏಳು-ಎಂಟು ಗೇರಿನ ರೋಡ್ ಮತ್ತು ಬೆಟ್ಟದ ಸೈಕಲ್ ಡಿರೇಲರ್‌ಗಳ ತಂತಿ ಎಳೆತದ ಅಳತೆ ಒಂದೇ. ಆದ್ದರಿಂದ ಉದ್ದ ಪಂಜರದ (ಚೈನ್ ಬಿಗಿಹಿಡಿಯುವ ತೋಳು ಉದ್ದವಿರುವ) ಆಲ್ಟಸ್ ಡಿರೇಲರ್ ಹಾಕಿದರೆ ಗೇರ್ ಬದಲಿಸುವ ಹಳೆಯ ಶಿಫ್ಟರೇ ಸಾಕು.

ಜೊತೆಗೆ ಚೈನೂ ಹೊಸದಿರಲಿ. ಡಿರೇಲರ್ ಒಳಗಿಂದ ಹಾಯಿಸದೆ, ಮುಂದೆ ದೊಡ್ಡ ಹಲ್ಲುಚಕ್ರ, ಹಿಂದೆ ದೊಡ್ಡದಕ್ಕೆ ಸುತ್ತಿ, ಸೇರುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಹಳೆಯ ಚೈನಿನ ಅಳತೆಗೇ ಕತ್ತರಿಸಿದರೆ ದೊಡ್ಡದು-ದೊಡ್ಡದಕ್ಕೆ ಹಾಕಿದಾಗ ಡಿರೇಲರ್ ಮುರಿಯಬಹುದು. ಆಮೇಲೂ ಆಗಾಗ 12 ಇಂಚಿನ ಅಳತೆಪಟ್ಟಿ ಇಟ್ಟು ನೋಡುತ್ತಿರಿ. 24 ಕೊಂಡಿಗಳು 12 ಇಂಚಿಗಿಂತ 1/16 ಇಂಚು ಹಿಗ್ಗಿದ್ದರೆ ಬದಲಿಸುವ ಹೊತ್ತು ಬಂತು. ಬಿಟ್ಟರೆ ಫ್ರೀವೀಲೂ ಸವೆಯುತ್ತದೆ.

ಟಯರ್ 25 ಮಿಮೀ ಇದ್ದರೆ, ಫ್ರೇಮ್‌ನಲ್ಲೂ ಬ್ರೇಕಿನಡಿಯಲ್ಲೂ ಜಾಗವಿದ್ದರೆ 28ಕ್ಕೆ ಹೋಗಿ.

ಚಕ್ರ ಕೊನೆಗೆ, ಅದೂ ಆಕ್ಸಲ್ (ಚಕ್ರದ ಅಚ್ಚು) ಬಗ್ಗಿದ ಮೇಲೆ. ಫ್ರೀವೀಲ್ ಹಬ್‌ನಲ್ಲಿ (ಹಬ್ ಎಂದರೆ ಚಕ್ರದ ನಡುಗುಂಭ) ಬಲಬದಿಯ ಬೇರಿಂಗ್ ಒಳಗೆ ಸರಿದಿರುವುದರಿಂದ ಆಕ್ಸಲ್ ಆಸರೆಯಿಲ್ಲದೆ ಬಾಗುತ್ತದೆ. ಕ್ಯಾಸೆಟ್ ಹಬ್‌ನ (ಹಲ್ಲುಚಕ್ರಗಳ ಗುಂಪನ್ನು ಜಾರಿಸಿ ಕೂರಿಸುವ ಬಗೆಯ) ಚಕ್ರ ತರುವ ಮುನ್ನ ಫ್ರೇಮಿನ ಹಿಂಭಾಗದ ಅಗಲ ಅಳೆಯಿರಿ: ರೋಡ್ ಹಬ್ಬಿಗೆ 130 ಮಿಮೀ ಬೇಕು, ಹಳೆಯ ಕೆಲವು ಫ್ರೇಮಿನಲ್ಲಿ 126 ಇರುತ್ತದೆ. ಎಂಟು ಗೇರಿನ ಹಬ್‌ಗೆ 4.5 ಮಿಮೀ ಸ್ಪೇಸರ್ ಬಳೆ ಇಟ್ಟರೆ ಏಳು ಗೇರಿನ ಕ್ಯಾಸೆಟ್ಟೂ ಕೂರುತ್ತದೆ, ಶಿಫ್ಟರ್ ಬದಲಿಸುವ ಖರ್ಚು ಮುಂದಕ್ಕೆ ಹೋಗುತ್ತದೆ.