ಹೊಟ್ಟೆಯ ಶಸ್ತ್ರಚಿಕಿತ್ಸೆ, ಭುಜದ ನೋವು

ಜುಲೈ 16, 2024, ಮಂಗಳವಾರ

ನಿನ್ನೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಅಪೆಂಡಿಕ್ಸ್ ತೆಗೆಸಿಕೊಂಡ ಒಂಬತ್ತು ವರ್ಷದ ಹುಡುಗಿ, ಬೆಳಗಿನ ರೌಂಡ್ಸ್ ವೇಳೆಗೆ ಹೊಟ್ಟೆಯನ್ನು ಬಿಟ್ಟು ಬಲ ಭುಜವನ್ನು ಹಿಡಿದುಕೊಂಡು ಕುಳಿತಿದ್ದಳು. "ಥಿಯೇಟರ್‌ನಲ್ಲಿ ಮಗುವಿನ ಕೈ ಏನಾದರೂ ಉಳುಕಿತಾ ಮೇಡಂ?" ಎಂದು ಅಜ್ಜಿ ಆತಂಕದಿಂದ ಕೇಳಿದರು. ಕ್ಯಾಮೆರಾ ಮತ್ತು ಉಪಕರಣಗಳು ಆಡಲು ಜಾಗವಾಗಲೆಂದು ಹೊಟ್ಟೆಯೊಳಗೆ ತುಂಬಿಸುವ ಕಾರ್ಬನ್ ಡೈಆಕ್ಸೈಡ್ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಹಿಗ್ಗಿಸಿ ಕೆರಳಿಸುತ್ತದೆ. ವಪೆಯ ನರವೂ ಭುಜದ ಮೇಲ್ಭಾಗದ ನರಗಳೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುವುದರಿಂದ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ ಎಂದು ತಿಳಿಸಿದೆ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿದರೆ ಮನೆಯವರು ಹೀಗೆ ಹೆದರುವ ಪ್ರಸಂಗವೇ ಬಾರದು.

ಆಕೆಯ ಚಾರ್ಟ್‌ನಲ್ಲಿ ಪ್ಯಾರಾಸಿಟಮಾಲ್ ಎದುರಿಗೆ 'ಎಸ್‌ಓಎಸ್' ಎಂದಿತ್ತು, ಅಂದರೆ ಬೇಕೆನಿಸಿದಾಗ ಮಾತ್ರ ಕೊಡುವುದು. ಮೊದಲ ಎರಡು ದಿನ ಹೀಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಗಾಯಗಳ ಸುತ್ತ ನಾವು ಚುಚ್ಚಿದ, ಆ ಜಾಗವನ್ನು ಮರಗಟ್ಟಿಸುವ ಬುಪಿವಕೇನ್ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಸೂಜಿಗೆ ಹೆದರುವ ಮಗು ನೋವಿದ್ದರೂ ಬಾಯಿಬಿಡುವುದಿಲ್ಲ, ಸುಮ್ಮನೆ ಮಲಗಿದ ಮಗುವಿಗೆ ನೋವಿಲ್ಲವೆಂದು ನಾವೂ ಭಾವಿಸಿಬಿಡುತ್ತೇವೆ. ಕೆಮ್ಮಲು ಹೇಳಿದಾಗ ಈ ಹುಡುಗಿ ಉಸಿರು ಬಿಗಿಹಿಡಿದು ಹೊಕ್ಕುಳ ಬಳಿಯ ಬ್ಯಾಂಡೇಜನ್ನು ಅಂಗೈಯಿಂದ ಒತ್ತಿಕೊಂಡಳು; ನೋವಿನ ನಿಜವಾದ ಅಳತೆ ನನಗೆ ಸಿಕ್ಕಿದ್ದು ಅಲ್ಲಿಯೇ. ಮಾತು ಬಾರದ ಕೂಸುಗಳಲ್ಲಾದರೆ ಮುಖ, ಕಾಲುಗಳು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಇವುಗಳಿಗೆ ಅಂಕ ಕೊಟ್ಟು ಅಳೆಯಬೇಕಾಗುತ್ತದೆ.

ಪ್ಯಾರಾಸಿಟಮಾಲನ್ನು ದೇಹತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ, ನಿದ್ದೆಯಲ್ಲಿದ್ದರೂ ಎಬ್ಬಿಸಿ ಕೊಡುವಂತೆ ತಿದ್ದಿ ಬರೆದೆ. ಮೂತ್ರ ಸರಿಯಾಗಿ ಹೋಗುತ್ತಿದ್ದು ನೀರಿನ ಕೊರತೆಯೂ ಇರಲಿಲ್ಲವಾದ್ದರಿಂದ ಇನ್ನೊಂದು ನೋವು ನಿವಾರಕವಾದ ಐಬುಪ್ರೊಫೆನ್ ಸೇರಿಸಿದೆ. ಅಫೀಮು ವರ್ಗದ ನೋವು ನಿವಾರಕಗಳಾದ ಕೋಡೀನ್ ಮತ್ತು ಟ್ರಾಮಡಾಲ್‌ಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹನ್ನೆರಡರೊಳಗಿನ ಮಕ್ಕಳ ನೋವಿಗೆ ಕೊಡಬಾರದೆಂದು ಹೇಳಿತು. ಕೆಲವು ಮಕ್ಕಳ ಯಕೃತ್ತು ಅವನ್ನು ಅತಿ ವೇಗವಾಗಿ ಪ್ರಬಲ ರೂಪಕ್ಕೆ ಬದಲಿಸುವುದರಿಂದ ಉಸಿರಾಟವೇ ಕುಂದಬಹುದು.

ಮನೆಗೆ ಕಳುಹಿಸುವಾಗಲೂ ಇಷ್ಟೇ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 125 ಮತ್ತು 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಶಕ್ತಿಯಲ್ಲಿ ಸಿಗುವುದರಿಂದ, 'ಎರಡು ಚಮಚ' ಎಂದು ಬಾಯಲ್ಲಿ ಹೇಳದೆ ಬಾಟಲಿಯ ಶಕ್ತಿಯನ್ನೂ ಅಳತೆಯನ್ನೂ ಚೀಟಿಯಲ್ಲಿ ಬರೆಯುವಂತೆ ವಾರ್ಡಿನ ಸಿಸ್ಟರ್‌ಗೆ ತಿಳಿಸಿದ್ದೇನೆ. ನೋವು ದಿನೇ ದಿನೇ ಇಳಿಯುವ ಬದಲು ಏರಿದರೆ, ಅಥವಾ ಜ್ವರ, ವಾಂತಿ, ಹೊಟ್ಟೆಯುಬ್ಬರ ಕಂಡರೆ, ಸಿರಪ್ ಕುಡಿಸುತ್ತಾ ಕಾಯದೆ ಆಸ್ಪತ್ರೆಗೆ ಕರೆತರಬೇಕೆಂದು ಅದರಲ್ಲೇ ಸೇರಿಸಬೇಕು.