ಹಗಲಲ್ಲಿ ಊರಲ್ಲಿರದವರ ಮನೆ

ನಗರದಲ್ಲಿ ಕೆಲಸ, 40 ಕಿಲೋಮೀಟರ್ ಆಚೆಯ ಸಣ್ಣ ಊರಲ್ಲಿ ಮನೆ. ಹೀಗೆ ಇರಲು ಹೊರಟವರೆಲ್ಲ ದೂರ ಎಷ್ಟು, ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಆ 12 ಗಂಟೆ ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುವವರು ಕಡಿಮೆ. ಸಣ್ಣ ಊರಲ್ಲಿ ನೀರು ಬರುವುದು, ಕರೆಂಟ್ ಹೋಗುವುದು, ಪ್ಲಂಬರ್ ಸಿಗುವುದು ಎಲ್ಲ ಹಗಲಲ್ಲೇ. ಆ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಈ ಒಂದು ವಿಷಯವನ್ನು ತಲೆಯಲ್ಲಿಟ್ಟುಕೊಂಡು ಮನೆ ನೋಡಿದರೆ ಆಮೇಲಿನ ಪರದಾಟ ಅರ್ಧಕ್ಕರ್ಧ ತಪ್ಪುತ್ತದೆ.

ಮೊದಲು ದಾರಿ. 40 ಕಿಲೋಮೀಟರ್‌ನಲ್ಲಿ ಹೊರಗಿನ 30ಕ್ಕೆ 35 ನಿಮಿಷ ಸಾಕಾಗಬಹುದು, ನಗರದೊಳಗಿನ 10ಕ್ಕೆ 45 ನಿಮಿಷ ಬೇಕಾಗಬಹುದು. ಹಾಗಾಗಿ ಕಚೇರಿ ನಗರದ ಯಾವ ಮಗ್ಗುಲಲ್ಲಿದೆಯೋ ಅದೇ ಮಗ್ಗುಲಿನ ಊರು ಹುಡುಕಿ, ಐದಾರು ಕಿಲೋಮೀಟರ್ ಹೆಚ್ಚಾದರೂ ಪರವಾಗಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಸೋಮವಾರ ಬೆಳಿಗ್ಗೆ ಒಮ್ಮೆ, ಶುಕ್ರವಾರ ಸಂಜೆ ಒಮ್ಮೆ, ಮಳೆ ಸುರಿಯುವ ದಿನ ಒಮ್ಮೆ ಓಡಾಡಿ ನೋಡಿ. ಬಾಗಿಲಿಗೆ ಬೀಗ ಹಾಕಿದಾಗಿನಿಂದ ಕಚೇರಿಯ ಕುರ್ಚಿಯಲ್ಲಿ ಕೂರುವ ತನಕ ಗಡಿಯಾರ ಓಡಲಿ. ಸರಾಸರಿ ತೆಗೆದರೆ ಮೋಸ ಹೋಗುತ್ತೀರಿ. ಹತ್ತು ದಿನದಲ್ಲಿ ಒಂಬತ್ತು ದಿನ ಎಷ್ಟು ಹೊತ್ತಿನೊಳಗೆ ತಲುಪುತ್ತೀರೋ ಅದೇ ನಿಮ್ಮ ನಿಜವಾದ ದೂರ. ಒಂದು ಕಡೆಗೆ 75 ನಿಮಿಷವಾದರೆ 22 ದಿನಕ್ಕೆ 55 ಗಂಟೆ. ಒಂದು ವಾರದ ದುಡಿಮೆಗಿಂತ ಹೆಚ್ಚಿನ ಹೊತ್ತು ಪ್ರತಿ ತಿಂಗಳೂ ರಸ್ತೆಯಲ್ಲೇ ಹೋಗುತ್ತದೆ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಬಸ್ಸನ್ನೋ ರೈಲನ್ನೋ ನಂಬುವವರು ರಾತ್ರಿಯ ಕೊನೆಯ ಗಾಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಕೈಕೊಟ್ಟರೆ ಹಿಂದೆ ಇನ್ನೊಂದಿಲ್ಲ. ಅದಕ್ಕೆ ಮುಂಚಿನದೇ ನಿಮ್ಮ ಕೊನೆಯ ಗಾಡಿ. ಸ್ವಂತ ಗಾಡಿಯಾದರೆ ದಿನಕ್ಕೆ 80 ಕಿಲೋಮೀಟರ್, ವರ್ಷದಲ್ಲಿ 250 ದಿನ, ಒಟ್ಟು 20,000 ಕಿಲೋಮೀಟರ್. 10,000ಕ್ಕೊಮ್ಮೆ ಆಯಿಲ್ ಬದಲಿಸುವ ಕಾರಿಗೆ ವರ್ಷಕ್ಕೆ ಎರಡು ಸರ್ವಿಸ್ ಆಯಿತು. ಟೈರು 40,000 ಬಂದರೂ ಎರಡೇ ವರ್ಷ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಓಡಿ ಬಿಸಿಯಾದ ಮೇಲೆ ಒತ್ತಡ ಏರಿರುತ್ತದೆ, ಕಡಿಮೆ ಇದ್ದದ್ದೂ ಸರಿಯಾಗಿದೆ ಅನ್ನಿಸುತ್ತದೆ. ರಾತ್ರಿ ವಾಪಸ್ ಬರುವಾಗ ಬೀದಿ ದೀಪಗಳು ಮುಗಿಯುವ ಜಾಗದಿಂದ ಮುಂದೆ ವೇಗ ಇಳಿಸಿ. ಹಿಂದೀಪವಿಲ್ಲದ ಟ್ರೇಲರ್, ರಸ್ತೆಗೆ ಬಂದು ನಿಂತ ದನ, ಎರಡೂ ಹೆಡ್‌ಲೈಟಿನ ಬೆಳಕಿಗೆ ಬೀಳುವುದು ತೀರ ಹತ್ತಿರ ಹೋದ ಮೇಲೆ.

ಇನ್ನು ನೀರು. ಬೆಳಿಗ್ಗೆ ಹತ್ತಕ್ಕೆ ನಲ್ಲಿಯಲ್ಲಿ ನೀರು ಬಂದರೆ ಹಿಡಿಯಲು ಮನೆಯಲ್ಲಿ ಯಾರಿದ್ದಾರೆ? ನೀರು ತಾನಾಗಿ ಇಳಿಯಲು ನೆಲದಡಿ ಸಂಪು, ತುಂಬಿದಾಗ ತಾನಾಗಿ ನಿಲ್ಲಲು ಅದರ ಬಾಯಲ್ಲಿ ಫ್ಲೋಟ್ ವಾಲ್ವ್ ಇರಲೇಬೇಕು. ನಾಲ್ಕು ಜನಕ್ಕೆ ದಿನಕ್ಕೆ 500 ಲೀಟರ್ ಹಿಡಿಯಿರಿ. ಮೂರು ದಿನಕ್ಕೊಮ್ಮೆ ನೀರು ಬರುವ ಕಡೆ 1,500 ಲೀಟರ್ ಬೇಕು, ಒಂದು ಸರದಿ ತಪ್ಪಿದರೂ ನಡೆಯಬೇಕೆಂದರೆ 3,000. ಗಡಸು ನೀರಿರುವಲ್ಲಿ ಫ್ಲೋಟಿನ ಕೀಲಿಗೆ ಬಿಳಿ ಸುಣ್ಣದ ಪಕ್ಕು ಕಟ್ಟಿ ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸಂಜೆ ಬಂದು ನೋಡಿದರೆ ಅಂಗಳವೆಲ್ಲ ನೀರು. ಆರು ತಿಂಗಳಿಗೊಮ್ಮೆ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿ ತಿಕ್ಕಿದರೆ ಸಾಕು. ಮೋಟಾರಿಗೆ ಕೆಳಗಿನ ಸಂಪಿನಲ್ಲೊಂದು, ಮೇಲಿನ ಟ್ಯಾಂಕಿನಲ್ಲೊಂದು ಸೆನ್ಸರ್ ಹಾಕಿಸಿ. ಸಂಪು ಖಾಲಿಯಾಗಿ ಪಂಪು ಒಣಗಿಯೇ ತಿರುಗಿದರೆ ಮೊದಲು ಸೀಲ್ ಸುಡುತ್ತದೆ, ಆಮೇಲೆ ಮೋಟಾರಿನೊಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್.

ಹೊಲಗದ್ದೆಗಳ ನಡುವಿನ ಬೋರ್‌ವೆಲ್ ಆದರೆ ನೀರನ್ನು ಲ್ಯಾಬಿಗೆ ಕೊಡದೆ ಕುಡಿಯಬೇಡಿ. ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಗೊಬ್ಬರದಿಂದಲೂ ಪಕ್ಕದ ಶೌಚ ಗುಂಡಿಯಿಂದಲೂ ನೈಟ್ರೇಟ್ ಇಳಿಯುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಏರುತ್ತದೆ. ಬಾಟಲಿ ಹಾಲು ಕುಡಿಯುವ ಹಸುಗೂಸಿರುವ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಒಳಚರಂಡಿ ಇಲ್ಲದ ಊರಾದರೆ ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಕಡೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಅಂತ ಮನೆ ಮಾಲೀಕರನ್ನು ಕೇಳಿ. ಉತ್ತರ ಸಿಗದಿದ್ದರೆ ಅಳೆದೇ ನೋಡಬೇಕು. ಉದ್ದನೆಯ ಕೋಲಿನ ಕೆಳಭಾಗಕ್ಕೆ ಒರಟು ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ, ಮುಚ್ಚಳ ಸರಿಸಿ, ತಳ ಮುಟ್ಟುವ ತನಕ ನಿಧಾನವಾಗಿ ಇಳಿಸಿ. ಎರಡು ಮೂರು ನಿಮಿಷ ಬಿಟ್ಟು ಅಷ್ಟೇ ನಿಧಾನವಾಗಿ ಎತ್ತಿ. ಬಟ್ಟೆಗೆ ಕಪ್ಪು ಕಣ ಹತ್ತಿಕೊಂಡ ಎತ್ತರವೇ ಹೂಳಿನ ಎತ್ತರ. ಮೇಲೆ ತೇಲುವ ಜಿಡ್ಡಿನ ಪದರವನ್ನೂ ಸೇರಿಸಿ, ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ಖಾಲಿ ಮಾಡಿಸುವ ಹೊತ್ತು ಬಂದಿದೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಲ್ಲಿ, ಹತ್ತಿರ ಬೆಂಕಿ ಬೇಡ, ಒಬ್ಬರೇ ಮಾಡಬೇಡಿ, ಬಾಯೊಳಗೆ ಬಗ್ಗಬೇಡಿ. ಬಿದ್ದ ವಸ್ತು ತೆಗೆಯಲೆಂದು ಯಾರನ್ನೂ ಒಳಗೆ ಇಳಿಸಬೇಡಿ. ಟ್ಯಾಂಕಿನೊಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಇಳಿದವರನ್ನು ಎತ್ತಲು ಹೋದವರೂ ಸಾಯುವುದು ಇದರಿಂದಲೇ.

ಕರೆಂಟಿನ ವಿಷಯಕ್ಕೆ ಬಂದರೆ, ಇನ್ವರ್ಟರಿಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇನ್ವರ್ಟರ್ ತಿನ್ನುವುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 750. 75 ವಾಟಿನ ಎರಡು ಫ್ಯಾನ್, 9 ವಾಟಿನ ನಾಲ್ಕು ಬಲ್ಬು, 10 ವಾಟಿನ ರೂಟರ್ ಸೇರಿ 196 ವಾಟ್ ಆಯಿತು, ನಾಲ್ಕು ಗಂಟೆಯೂ ಬರುವುದಿಲ್ಲ. ಫ್ಯಾನುಗಳನ್ನು ಕಡಿಮೆ ಕರೆಂಟ್ ತಿನ್ನುವ, 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಿಸಿದರೆ ಅದೇ ಬ್ಯಾಟರಿ ಏಳು ಗಂಟೆ ಬರುತ್ತದೆ. ದೊಡ್ಡ ಬ್ಯಾಟರಿಗೆ ದುಡ್ಡು ಹಾಕುವ ಮುಂಚೆ ಫ್ಯಾನ್ ಬದಲಿಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀವಿಲ್ಲದಾಗ ಎಷ್ಟು ಹೊತ್ತು ಕರೆಂಟ್ ಹೋಗಿತ್ತು ಅಂತ ತಿಳಿಯುವುದು ಹೇಗೆ? ಬಾಗಿಲು ತೆರೆಯದೇ ಇದ್ದರೆ ಫ್ರಿಜ್ ತಂಪು ಹಿಡಿದಿಡುವುದು ಸುಮಾರು 4 ಗಂಟೆ. ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24. ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಿ. ಸಂಜೆ ನೋಡಿದಾಗ ನಾಣ್ಯ ಮಂಜುಗಡ್ಡೆಯೊಳಗೆ ತಳ ಸೇರಿದ್ದರೆ ಅಲ್ಲಿದ್ದದ್ದೆಲ್ಲ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ಅರ್ಥ. ಅದನ್ನು ತಿನ್ನಬೇಡಿ. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ವೋಲ್ಟೇಜ್ ಕುಸಿಯುವುದರಿಂದ ಫ್ರಿಜ್‌ಗೆ ಸ್ಟೆಬಿಲೈಸರ್ ಬೇಕು. ಕರೆಂಟ್ ಬಂದ ಮೂರು ನಿಮಿಷದ ನಂತರ ಆನ್ ಆಗುವಂಥದ್ದನ್ನೇ ತನ್ನಿ. ಇಲ್ಲದಿದ್ದರೆ ಒಳಗಿನ ಗ್ಯಾಸಿನ ಒತ್ತಡ ಇಳಿಯುವ ಮುಂಚೆಯೇ ಕಂಪ್ರೆಸರ್ ತಿರುಗಲು ಹೋಗಿ ಕೆಡುತ್ತದೆ.

ಇಂಟರ್‌ನೆಟ್‌ಗೆ ಕೇಬಲ್ ಇದ್ದರೂ ಬೇರೆ ಕಂಪನಿಯ ಒಂದು ಸಿಮ್ ಇಟ್ಟುಕೊಳ್ಳಿ, ಮನೆಯ ಒಳಕೋಣೆಯಲ್ಲಿ ನಿಂತು ಸಿಗ್ನಲ್ ನೋಡಿ. ಔಷಧಿ ಅಂಗಡಿ ಬೇಗ ಮುಚ್ಚುವ ಊರಾದ್ದರಿಂದ ದಿನವೂ ನುಂಗುವ ಮಾತ್ರೆ ಹತ್ತು ದಿನದಷ್ಟು ಮುಂಗಡವಾಗಿ ಇರಲಿ. ಆದರೆ ದಿನಸಿ, ತರಕಾರಿ, ರಿಪೇರಿ ಇವನ್ನೆಲ್ಲ ದಯವಿಟ್ಟು ಊರಲ್ಲೇ ಮಾಡಿಸಿ. ನಗರದಿಂದ ಚೀಲ ತುಂಬಿ ತರುವವರಿಗೆ ಊರಿನ ಎಲೆಕ್ಟ್ರಿಷಿಯನ್ ಹೆಸರೂ ಗೊತ್ತಿರುವುದಿಲ್ಲ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವರು ಬರುವುದೂ ಇಲ್ಲ.

ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ಮೇನ್ ಸ್ವಿಚ್ಚಿಗೂ ನೀರಿನ ಮೇನ್ ವಾಲ್ವಿಗೂ ದೊಡ್ಡ ಅಕ್ಷರದ ಚೀಟಿ ಕಟ್ಟಿ, ಒಮ್ಮೆ ಅವರನ್ನು ಕರೆದು ತೋರಿಸಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಬೇಕಾದ ದಿನವೇ ತಿರುಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ.