ಆಕ್ಷೇಪಣೆ ಬರೆಯಬೇಕಾದವರು ನಮೂನೆ ತುಂಬುವವರು

ಆರೋಗ್ಯ ಮಾಹಿತಿಯ ವರದಿಗೆ ಸಂಬಂಧಿಸಿದ ಕರಡು ನಿಯಮ, ಆಕ್ಷೇಪಣೆ ಕೋರಿ, ರಾಜ್ಯಪತ್ರದಲ್ಲಿ ಬಂದರೆ ಆಸ್ಪತ್ರೆಗಳಲ್ಲಿ ಅದನ್ನು ಮೊದಲು ಓದುವವರು ಆಡಳಿತಾಧಿಕಾರಿ, ಆಮೇಲೆ ವಕೀಲರು. ವೈದ್ಯಕೀಯ ದಾಖಲೆ ವಿಭಾಗದ ಕೈಗೆ ಅದು ಬರುವುದು ನಿಯಮ ಜಾರಿಯಾದ ಮೇಲೆ. ಈ ಸರದಿ ತಲೆಕೆಳಗಾಗಿದೆ ಎಂಬುದು ಅದೇ ವಿಭಾಗದಲ್ಲಿ ಕೂತು ಪೋರ್ಟಲ್‌ಗಳಿಗೆ ಅಂಕಿ ತುಂಬಿಸುವ ನನ್ನ ಖಚಿತ ಅಭಿಪ್ರಾಯ.

ಆಸ್ಪತ್ರೆಗಳು ಕಳುಹಿಸುವ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಹೇಳುತ್ತವೆ: ಹೊರೆ ಹೆಚ್ಚು, ಸಿಬ್ಬಂದಿ ಕಡಿಮೆ, ದಯವಿಟ್ಟು ಪರಿಶೀಲಿಸಿ. ಮಾತು ಸುಳ್ಳಲ್ಲ. ಕ್ಷಯರೋಗಿಯ ವಿವರ ಸರ್ಕಾರದ ಕ್ಷಯರೋಗ ಪೋರ್ಟಲ್ ನಿಕ್ಷಯ್‌ಗೆ ಹೋಗಬೇಕು. ಖಾಸಗಿ ಆಸ್ಪತ್ರೆಗಳಿಗೂ ಇದು 2012ರಿಂದ ಕಡ್ಡಾಯ. ಗರ್ಭಿಣಿಯ ಸ್ಕ್ಯಾನ್ ಆದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನಮೂನೆ ಎಫ್, ಆಸ್ಪತ್ರೆಯಲ್ಲಿ ಸಾವಾದರೆ ಮರಣ ಕಾರಣದ ನಮೂನೆ 4. ಹೆಸರು, ವಯಸ್ಸು, ವಿಳಾಸವನ್ನು ಪ್ರತಿ ಸಲ ಹೊಸದಾಗಿ ಟೈಪಿಸಬೇಕು. ಆದರೆ ಇದು ಇಲಾಖೆಗೂ ಗೊತ್ತಿರುವ ಸಂಗತಿ. ‘ಪರಿಶೀಲಿಸಿ’ ಎಂಬ ಪತ್ರವನ್ನು ಓದಿದ ಅಧಿಕಾರಿ ಕರಡಿನ ಯಾವ ಸಾಲನ್ನು ತಿದ್ದಬೇಕು?

ಹಾವು ಕಡಿತವನ್ನೇ ನೋಡೋಣ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ವರದಿ ಮಾಡಲೇಬೇಕಾದ ಪ್ರಕರಣವನ್ನಾಗಿಸಿತು. ಒಳ್ಳೆಯ ನಿರ್ಧಾರ. ಹಳ್ಳಿಯಲ್ಲಿ, ದಾರಿಯಲ್ಲಿ ಆದ ಎಷ್ಟೋ ಸಾವುಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಇಂಥ ಯಾವುದೇ ನಿಯಮ ನಮ್ಮ ಮೇಜಿಗೆ ಬಂದಾಗ ಹುಟ್ಟುವ ಪ್ರಶ್ನೆಗಳು ಬೇರೆಯೇ. ಕೇಸ್‌ಶೀಟಿನಲ್ಲಿ ‘ಹಾವು ಕಚ್ಚಿತೆಂದು ಹೇಳುತ್ತಾರೆ’ ಎಂದಿದೆ. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ ಸರಿಯಾಗಿದೆ, ವಿಷದ ಲಕ್ಷಣವಿಲ್ಲ, ಒಂದು ದಿನ ನಿಗಾದಲ್ಲಿಟ್ಟು ಮನೆಗೆ ಕಳುಹಿಸಿದ್ದಾರೆ. ಇದು ವರದಿಯಾಗಬೇಕಾದ ಪ್ರಕರಣವೇ? ರೋಗಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಟಿ63.0 ಎಂಬ ಸಂಕೇತ ಹಾವಿನ ವಿಷದ ಪರಿಣಾಮಕ್ಕೆ ಮೀಸಲು. ಆ ಸಂಕೇತ ಹಿಡಿದು ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ, ತುರ್ತು ಚಿಕಿತ್ಸಾ ವಿಭಾಗದ ರಿಜಿಸ್ಟರ್ ಹಿಡಿದು ಎಣಿಸಿದರೆ ಇನ್ನೊಂದು.

ಇದಕ್ಕಿಂತ ಕಗ್ಗಂಟು ರೆಫರಲ್. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ, ರೋಗಿ ಅಲ್ಲಿ ತೀರಿಕೊಳ್ಳುತ್ತಾನೆ. ಇಬ್ಬರೂ ಪ್ರಾಮಾಣಿಕವಾಗಿ ವರದಿ ಮಾಡಿದರೆ ಕಡಿತ ಎರಡು, ಸಾವು ಒಂದು ಎಂದಾಗುತ್ತದೆ. ಈ ಒಬ್ಬ ರೋಗಿಯ ಮಟ್ಟಿಗೆ ಮರಣ ಪ್ರಮಾಣ ಕಾಗದದ ಮೇಲೆ ಅರ್ಧಕ್ಕಿಳಿಯಿತು. ಆಂಬ್ಯುಲೆನ್ಸಿನಲ್ಲೇ ಪ್ರಾಣ ಹೋದರೆ ಅದು ಯಾರ ಸಾವು? ಪ್ರತಿವಿಷವನ್ನು ಯಾವ ತಾಲ್ಲೂಕಿಗೆ ಎಷ್ಟು ಕಳುಹಿಸಬೇಕು ಎಂಬ ತೀರ್ಮಾನಕ್ಕೆ ಇವೇ ಅಂಕಿಗಳನ್ನು ನೋಡುವುದಾದರೆ ಇದು ಗುಮಾಸ್ತರ ಕಿರಿಕಿರಿಯಷ್ಟೇ ಆಗಿ ಉಳಿಯುವುದಿಲ್ಲ.

ಹಾಗಾಗಿ ನಾನು ಆಕ್ಷೇಪಣೆಯಲ್ಲಿ ಮೊದಲು ನಿಯಮದ ಸಂಖ್ಯೆ, ಉಪನಿಯಮ ಬರೆದು, ಆ ಸಾಲು ಯಾವ ಕೇಸ್‌ಶೀಟಿನ ಮುಂದೆ ಮುಗ್ಗರಿಸುತ್ತದೆ ಎಂದು ಹೇಳಿ, ಅದರ ಜಾಗಕ್ಕೆ ಕರಡಿನದೇ ಧಾಟಿಯಲ್ಲಿ ಬೇರೆ ವಾಕ್ಯ ಕೊಡುತ್ತೇನೆ: ‘ರೆಫರ್ ಆಗಿ ಬಂದ ರೋಗಿಯ ಸಂಬಂಧದಲ್ಲಿ, ಮೊದಲು ಚಿಕಿತ್ಸೆ ನೀಡಿದ ಆಸ್ಪತ್ರೆಯು ಪ್ರಕರಣವನ್ನೂ ಕೊನೆಯದಾಗಿ ಚಿಕಿತ್ಸೆ ನೀಡಿದ ಆಸ್ಪತ್ರೆಯು ಫಲಿತಾಂಶವನ್ನೂ ವರದಿ ಮಾಡತಕ್ಕದ್ದು.’ ಅಧಿಕಾರಿ ಒಪ್ಪದಿರಬಹುದು, ಆದರೆ ಏನನ್ನು ಒಪ್ಪಲಿಲ್ಲ ಎಂಬುದಾದರೂ ಸ್ಪಷ್ಟವಿರುತ್ತದೆ. (ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಇಂಥ ಕರಡು ಮೇಲಿನವರ ಬಳಿಗೆ ಹೋಗಿ, ಎಲ್ಲ ವಿವರ ಕಳಚಿಕೊಂಡು, ‘ಪರಿಶೀಲಿಸಲು ಕೋರಿದೆ’ ಎಂಬ ಒಂದೇ ಸಾಲಾಗಿ ಹೊರಬಂತು. ವಿನಯವೇನೋ ಚೆನ್ನಾಗಿತ್ತು.)

ಪುರಾವೆಗೆಂದು ನಿಜವಾದ ಕೇಸ್‌ಶೀಟಿನ ಪ್ರತಿ ಲಗತ್ತಿಸಬಾರದು. ಹೆಸರು ಮಸಿ ಬಳಿದು ಅಳಿಸಿದರೂ ಹಳ್ಳಿ, ವಯಸ್ಸು, ಕಡಿತದ ದಿನಾಂಕ ಇವಿಷ್ಟಿದ್ದರೆ ಸಣ್ಣ ಊರಿನಲ್ಲಿ ವ್ಯಕ್ತಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಖಾಲಿ ನಮೂನೆಯಲ್ಲಿ ಕಲ್ಪಿತ ವಿವರ ತುಂಬಿ ಕಳುಹಿಸಿದರೆ ಸಾಕು.

ಕಾಲಾವಕಾಶದ ಮಾತು ಬೇರೆ. ಪೂರ್ವ ಪ್ರಕಟಣೆ ಮಾಡಿ ನಿಯಮ ರಚಿಸಬೇಕೆಂದು ಕೇಂದ್ರದ ಕಾಯ್ದೆ ಹೇಳಿದ್ದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣದ ಪ್ರಕಾರ, ನಿಗದಿತ ದಿನಾಂಕದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪ್ರಾಧಿಕಾರ ಪರಿಗಣಿಸಲೇಬೇಕು. ಒಪ್ಪಲೇಬೇಕೆಂದಿಲ್ಲ. ಬರೀ ನೀತಿಯ ಕರಡಾದರೆ ಆ ಭರವಸೆಯೂ ಇಲ್ಲ. 2020ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಅಭಿಯಾನದ ದತ್ತಾಂಶ ನಿರ್ವಹಣಾ ನೀತಿಯ ಕರಡು ಬಂದಾಗ ಪ್ರತಿಕ್ರಿಯೆಗೆ ಮೊದಲು ಕೊಟ್ಟ ಗಡುವು ಸೆಪ್ಟೆಂಬರ್ 3. ಟೀಕೆಯ ಬಳಿಕ ಅದು ಹಂತ ಹಂತವಾಗಿ ಸೆಪ್ಟೆಂಬರ್ 21ಕ್ಕೆ ಹೋಯಿತು. ಕರಡು ಬಂದ ಮೇಲೆ ಉದಾಹರಣೆ ಹುಡುಕಲು ಕೂತರೆ ಒಂದು ವಾರ ಯಾವುದಕ್ಕೂ ಸಾಲದು.

ಅದಕ್ಕೇ ಈಗ ನಮ್ಮ ಡೇಟಾ ಎಂಟ್ರಿ ಸಿಬ್ಬಂದಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಯಾವ ನಮೂನೆಯ ಯಾವ ಅಂಕಣದಲ್ಲಿ ಕೈ ನಿಂತಿತು, ಕೊನೆಗೆ ಏನು ತುಂಬಿದರು ಎಂದು ಅವರೇ ಬರೆಯುತ್ತಾರೆ. ವಯಸ್ಸನ್ನು ವರ್ಷಗಳಲ್ಲಿ ಮಾತ್ರ ಕೇಳುವ ಅಂಕಣದ ಬಗ್ಗೆ ಅದರಲ್ಲಿ ಆಗಲೇ ಒಂದು ಪುಟ ತುಂಬಿದೆ. ಮೂರು ತಿಂಗಳ ಮಗುವಿಗೆ ಬೆಳಗಿನ ಪಾಳಿಯವರು ಸೊನ್ನೆ ಹಾಕುತ್ತಾರೆ, ರಾತ್ರಿ ಪಾಳಿಯವರು ಒಂದು ಹಾಕುತ್ತಾರೆ.